ಹಿತಕರವಾದ ಬೇಸಿಗೆ

ಸೋಪಿನ ಬಿಲ್ಲೆಯ ಮೇಲೆ ಯಾರದೋ ಕೂದಲೊಂದು ಅಂಟಿಕೊಂಡಿತ್ತು. ಗಿಡ್ಡ, ದಪ್ಪ, ಸುರುಳಿ ಸುತ್ತಿದ ಕೂದಲು. ನಲ್ಲಿ ಬಿಟ್ಟು ತೊಳೆದು ಹಾಕೋಣವೆಂದರೆ ಅದು ಇನ್ನಷ್ಟು ಒಳಕ್ಕೆ ಹೂತುಕೊಂಡಿತು. ಉಗುರಿನಿಂದ ಕೆರೆದು ತೆಗೆಯಬಹುದಿತ್ತು, ಆದರೆ ಆಮೇಲೆ ಆ ಉಗುರನ್ನು ಏನು ಮಾಡುವುದು? ಸೋಪನ್ನು ಅಲ್ಲೇ ಬಿಟ್ಟು, ಬರೀ ನೀರಿನಲ್ಲಿ ಕೈ ಅದ್ದಿ, ಪ್ಯಾಂಟಿಗೆ ಒರೆಸಿಕೊಂಡು ಅವನು ಹೊರಬಂದ. ಪ್ರೂಫ್ ಮುಟ್ಟುವ ಮೊದಲು ಕೈ ತೊಳೆಯುವುದು ಅವನ ನೇಮ. ವಿಶ್ವಕೋಶದ ಕಚೇರಿಯಲ್ಲಿ ಉಳಿದವರು ಬಿಸ್ಕತ್ತು ತಿಂದ ಕೈಯಲ್ಲೇ ಇಡೀ ದೇಶಗಳನ್ನು ತಿದ್ದಿ ಕಳಿಸುತ್ತಿದ್ದರು. ಅವನ ಮಡಿ ನೋಡಿ ನಗುತ್ತಿದ್ದರು. ಅವರು ಅವನಿಗಿಟ್ಟ ಹೆಸರು ತಕ್ಕಡಿ. ಯಾವ ವಿಷಯ ಕೊಟ್ಟರೂ ಈ ಕಡೆಗೊಂದು ಮಾತು, ಆ ಕಡೆಗೊಂದು ಮಾತು ಇಟ್ಟು, ಮುಳ್ಳನ್ನು ನಟ್ಟನಡುವೆ ನಿಲ್ಲಿಸಿಬಿಡುತ್ತಾನೆ ಎಂದು. ಇಷ್ಟು ವರ್ಷ ಆ ಹೆಸರನ್ನು ಅವನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದ್ದ. ಇವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ಯಾರೋ ಹಿಂದಿನಿಂದ ಹಾಗೆ ಕೂಗಿದಾಗ ಮಾತ್ರ ಅವನು ತಿರುಗಿ ನೋಡದೆ ಹತ್ತಿಬಂದ.

ಮೇಜಿನ ಮೇಲೆ ಪ್ರೂಫ್ ಇನ್ನೂ ಬಂದಿರಲಿಲ್ಲ. ಅದು ದೊಡ್ಡವರ ಕೋಣೆಯಲ್ಲಿತ್ತು. ದೊಡ್ಡವರೆಂದರೆ ಪ್ರಧಾನ ಸಂಪಾದಕರು. ಹೊಸ ಆವೃತ್ತಿಗೆ 'ನಮ್ಮ ದೇಶ' ಎಂಬ ಲೇಖನ ಅವನ ಪಾಲಿಗೆ ಬಂದಿತ್ತು. ಅದರಲ್ಲಿ ಹವಾಮಾನದ ಭಾಗವನ್ನು ವೀಕ್ಷಣಾಲಯದಿಂದ ನಿವೃತ್ತರಾದ ಮೇಡಂ ಬರೆದಿದ್ದರು. ಹಿಂದಿನ ಆವೃತ್ತಿಯಲ್ಲೂ ಅವರದೇ. 'ಬೇಸಿಗೆ ಹಿತಕರ. ಬೇಸಿಗೆಯಲ್ಲೂ ಮುಂಜಾನೆ, ಸಂಜೆ ಉಣ್ಣೆಯ ಉಡುಪು ಬೇಕಾಗುತ್ತದೆ' ಎಂಬ ಅವರ ಸಾಲು ಅವನಿಗೆ ಬಾಯಿಪಾಠವಾಗಿತ್ತು. ರಾಜಕೀಯದ ಭಾಗವನ್ನು ಬರೆದವರು ಯಾರೆಂದು ಯಾರೂ ಕೇಳುವಂತಿರಲಿಲ್ಲ. ಅದು ಮೇಲಿನಿಂದ, ಅಂಟು ಹಚ್ಚಿದ ಲಕೋಟೆಯಲ್ಲಿ ಬಂದಿತ್ತು. 'ಕಳೆದ ಬೇಸಿಗೆಯ ಅಶಾಂತಿಯ ಸಂದರ್ಭದಲ್ಲಿ ವಶಕ್ಕೆ ಪಡೆಯಲಾಗಿದ್ದ ಕೆಲವರು ತೀವ್ರ ಬಿಸಿಲಿನಿಂದಾಗಿ ಮೃತಪಟ್ಟರು.' ಎರಡೂ ಸಾಲುಗಳ ನಡುವೆ ನದಿಗಳಿದ್ದವು, ಖನಿಜಗಳಿದ್ದವು, ರೈಲುಮಾರ್ಗಗಳಿದ್ದವು. ಅಷ್ಟನ್ನೆಲ್ಲ ದಾಟಿಕೊಂಡು ಎರಡನ್ನೂ ಒಟ್ಟಿಗೆ ಓದುವವರು ಯಾರಿದ್ದಾರೆ? ಅವನು ಓದಿದ. ಹೋದ ವಾರ, ಪೆನ್ಸಿಲನ್ನು ಚೂಪು ಮಾಡಿಕೊಂಡು, ಅಂಚಿನಲ್ಲಿ ಸಣ್ಣಗೆ ಬರೆದ: 'ಈ ಎರಡು ಹೇಳಿಕೆಗಳು ತಾಳೆಯಾಗುವುದಿಲ್ಲ. ಯಾವುದು ಸರಿ?' ಅದನ್ನು ಧೈರ್ಯವೆಂದು ತಿಳಿದು, ಮನೆಗೆ ಹೋಗುವ ದಾರಿಯುದ್ದಕ್ಕೂ ಎದೆಯುಬ್ಬಿಸಿ ನಡೆದಿದ್ದ. ಅದನ್ನೀಗ ನೆನೆದರೆ ಅಂಗೈ ಬೆವರುತ್ತದೆ.

ಆ 'ಕೆಲವರು' ಎಂಬುದರಲ್ಲಿ ಅವನ ಭಾವನೂ ಇದ್ದರು. ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದ ಮನುಷ್ಯ. ಮೈಯಿಂದ ಸದಾ ಕ್ಲೋರಿನ್ ವಾಸನೆ, ಕಿವಿಯಲ್ಲಿ ಸದಾ ನೀರು. ಮಾತಾಡುವಾಗ ತಲೆ ಓರೆ ಮಾಡಿ ಕಿವಿ ಬಡಿದುಕೊಳ್ಳುತ್ತಿದ್ದರು. ಕೊಳವನ್ನು ಮುಚ್ಚಿ ಜಾಗವನ್ನು ಯಾರಿಗೋ ಕೊಡುತ್ತಾರೆಂದಾಗ ಮಕ್ಕಳ ಅಪ್ಪ ಅಮ್ಮಂದಿರ ಜೊತೆ ಮೆರವಣಿಗೆಗೆ ಹೋದರು. ಬೇಸಿಗೆಯ ಬೆಳಗು, ಬೀದಿಯಲ್ಲಿ ಮಂಜು. ಅಕ್ಕ ಬಾಗಿಲವರೆಗೆ ಓಡಿಬಂದು, ತಾನೇ ಹೆಣೆದ ನೀಲಿ ಸ್ವೆಟರನ್ನು ಅವರ ಕೊರಳಿಗೆ ತೂರಿಸಿದ್ದಳು. ಹಿಡಿದವರನ್ನೆಲ್ಲ ಒಂದು ಗೋದಾಮಿನಲ್ಲಿ ಕೂಡಿಹಾಕಿದರಂತೆ. ಸ್ವಲ್ಪ ದಿನಕ್ಕೆ ದೇಹ ಬಂತು, ಅದರ ಜೊತೆ ಒಂದು ಚೀಲ, ಚೀಲದಲ್ಲಿ ಮಡಿಸಿಟ್ಟ ಸ್ವೆಟರು. ಬಿಸಿಲಿನ ಹೊಡೆತ ಎಂದರು. ಅಕ್ಕ ಕೋಣೆಯಲ್ಲಿ ದೇಹಕ್ಕೆ ನೀರು ಹಾಕುತ್ತ, ಬೆನ್ನಿನ ಕಡೆ ತಿರುಗಿಸಿದಾಗ ಕರೆದಳು, ಬಾರೋ ಇಲ್ಲಿ, ನೋಡು ಅಂತ. ಅವನು ಹೋಗಲಿಲ್ಲ. ಕಿಟಕಿಗೆ ಮುಖ ಮಾಡಿ ನಿಂತ. ಕಿಟಕಿಯ ಚೌಕಟ್ಟಿನ ಮೇಲೆ ಒಂದು ಹಲ್ಲಿ, ಅದರ ಗಂಟಲು ಬಡಿದುಕೊಳ್ಳುತ್ತಿತ್ತು. ನೋಡದಿದ್ದವನು ಯಾವ ಕಡೆಗೂ ಸಾಕ್ಷಿ ಹೇಳಬೇಕಾಗಿಲ್ಲ ಎಂಬ ವಿಚಾರ ಆ ಹೊತ್ತಿನಲ್ಲಿ, ಆ ಸ್ಥಿತಿಯಲ್ಲೂ, ಎಷ್ಟು ಸ್ಪಷ್ಟವಾಗಿ ಅವನ ತಲೆಗೆ ಬಂದಿತ್ತೆಂದರೆ ಇವತ್ತಿಗೂ ಹಲ್ಲಿ ಕಂಡರೆ ಬಾಯಲ್ಲಿ ಹುಳಿನೀರು ಬರುತ್ತದೆ.

ಅಕ್ಕ ನೋಡಿದವಳು, ಆದ್ದರಿಂದ ಕೋರ್ಟಿಗೆ ಹೋದಳು. ಅವಳೂ ಅವಳ ಮಗಳೂ ಅವನ ಎರಡು ಕೋಣೆಯ ಮನೆಗೆ ಬಂದು ಸೇರಿಕೊಂಡ ಮೇಲೆ, ಸಂಜೆ ಊಟದ ಹೊತ್ತಿಗೆ ಮಾತೆಲ್ಲ ವಕೀಲರದೇ. ಹೆಂಡತಿ ಕಂಡದ್ದು ಸಾಕ್ಷಿಯಲ್ಲವಂತೆ. ಸರ್ಕಾರವೇ ಒಪ್ಪುವ ಒಂದು ಪುಸ್ತಕ ಬೇಕಂತೆ, ಇಲ್ಲಿ ಅಂಥ ಬಿಸಿಲೇ ಬೀಳುವುದಿಲ್ಲ ಎಂದು ಹೇಳುವಂಥದ್ದು. ಆಗ ವಿಶ್ವಕೋಶದ ಹೆಸರು ಎತ್ತಿದವನು ಅವನೇ. ಹಳೆಯ ಆವೃತ್ತಿಯನ್ನು ವಕೀಲರು ಮುಂದಿಟ್ಟರು. ಎದುರಿನವರು ಅದು ಹಳತಾಯಿತು, ಹೊಸದರಲ್ಲಿ ಏನಿದೆಯೋ ನೋಡೋಣ ಎಂದರು. ಮುಂದಿನ ವಿಚಾರಣೆಯೊಳಗೆ ಹೊಸದು ಬರುತ್ತದೆ ಎಂದು ಅಕ್ಕನಿಗೆ ಅವನು ಮಾತು ಕೊಟ್ಟಿದ್ದ. ಆ ಸಾಲು ಹಾಗೇ ಇದೆ, ನಾನೇ ಕಣ್ಣಾರೆ ಕಂಡಿದ್ದೇನೆ, ಹವೆ ಎಲ್ಲಿಗೆ ಹೋಗುತ್ತದೆ? ಹಾಗಿದ್ದ ಮೇಲೆ ಸುಮ್ಮನೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಆಗಿತ್ತು. ಆದರೆ ಆ ಇನ್ನೊಂದು ಸಾಲು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಅವನನ್ನು ಕೂರಲು ಬಿಡಲಿಲ್ಲ. ಒಂದೇ ಪುಸ್ತಕದಲ್ಲಿ ಎರಡು ಮಾತು! ಅಳೆದ ಮಾತಿಗೂ ಅಳೆಯದ ಮಾತಿಗೂ ಎದುರುಬದುರಾದರೆ ಅಳೆದದ್ದೇ ಗೆಲ್ಲುತ್ತದೆ ಎಂದು ಅವನು ನಂಬಿದ್ದ. ತನ್ನ ಒಂದು ಪ್ರಶ್ನೆಚಿಹ್ನೆಗೆ ಬೆದರಿ ಮೇಲಿನವರು 'ತೀವ್ರ ಬಿಸಿಲಿನಿಂದಾಗಿ' ಎಂಬುದನ್ನು ತೆಗೆದುಹಾಕುತ್ತಾರೆ, ಭಾವನ ಸಾವು ಕಡೇಪಕ್ಷ ಖಾಲಿ ಜಾಗವಾಗಿಯಾದರೂ ಉಳಿಯುತ್ತದೆ ಎಂದುಕೊಂಡಿದ್ದ. ಅವತ್ತೇ ಸಂಜೆ ಅಕ್ಕನಿಗೆ ಹೇಳಿಯೂ ಬಿಟ್ಟಿದ್ದ, ನಾನು ಕೇಳಿದ್ದೇನೆ ಅಂತ. ಅಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, ಅವನನ್ನು ಎಷ್ಟೋ ಕಾಲದ ಮೇಲೆ ಗಂಡಸನ್ನು ನೋಡುವ ಹಾಗೆ ನೋಡಿದ್ದಳು.

ದೊಡ್ಡವರ ಕರೆ ಬಂತು. ಅವರ ಕೋಣೆಯಲ್ಲಿ ಕಿಟಕಿಗಳು ಮುಚ್ಚಿರುತ್ತಿದ್ದವು. ಹಳೆಯ ಅಂಟಿನ, ನೋವಿನ ಮುಲಾಮಿನ, ಹಿಂದಿನ ದಿನದ ಊಟದ ವಾಸನೆ ಒಂದಕ್ಕೊಂದು ಬೆರೆತು ಬಟ್ಟೆಗೆ ಹತ್ತಿಕೊಳ್ಳುತ್ತಿತ್ತು. ದೊಡ್ಡವರು ಹೆಬ್ಬೆರಳನ್ನು ಕೆಳದುಟಿಯ ಒಳಗೆ ಅದ್ದಿ ಅದ್ದಿ ಪುಟ ತಿರುಗಿಸುತ್ತಿದ್ದರು. ಪ್ರತಿ ಪುಟದ ಮೂಲೆಯಲ್ಲೂ ಒಂದು ಒದ್ದೆ ಗುರುತು ಉಳಿಯುತ್ತಿತ್ತು. ನದಿಗಳ ಮೇಲೆ, ಖನಿಜಗಳ ಮೇಲೆ. ಕೂರಲು ಹೇಳಿದರು. ಅವನು ಕೂತ. ನಗುತ್ತಿದ್ದರು.

"ಭೇಷ್ ಕಣಯ್ಯ," ಎಂದರು. "ನೀನು ಗಮನಿಸದೇ ಇದ್ದಿದ್ರೆ ಇದು ಹಾಗೇ ಅಚ್ಚಾಗಿ ಹೋಗ್ತಿತ್ತು. ಮೇಲಿನವರಿಗೂ ನಿನ್ನ ಹೆಸರು ಹೇಳಿದೀನಿ."

ಪ್ರೂಫನ್ನು ಅವನ ಕಡೆ ತಿರುಗಿಸಿದರು. ರಾಜಕೀಯದ ಸಾಲಿನ ಪಕ್ಕದಲ್ಲಿ ಹಸಿರು ಶಾಯಿಯ ಸರಿಗುರುತು. ಹವಾಮಾನದ ಸಾಲನ್ನು ಹೊಡೆದುಹಾಕಿದ ಹಸಿರು ಶಾಯಿಯ ಗೀಟು. ಅವನು ಮೇಜಿನ ಅಂಚು ಹಿಡಿದುಕೊಂಡ, ಅಲ್ಲಿ ಯಾರೋ ಒತ್ತಿಹೋದ ಮೂಗಿನ ಕೊಳೆ ಬೆರಳಿಗೆ ತಾಗಿ ಕೈ ಎಳೆದುಕೊಂಡ. ಅಳತೆಯೆಲ್ಲ ಬೇರೆ ಹೇಳುತ್ತದಲ್ಲ ಸರ್ ಎಂದು ತೊದಲಿದ. ದೊಡ್ಡವರು ಬೇಸರಿಸಲಿಲ್ಲ. ರಾಜಕೀಯದಲ್ಲಿ ಒಂದು ಪದ ಮುಟ್ಟಿದರೂ ನಾವು ಪಕ್ಷ ವಹಿಸಿದೆವು ಅಂತಾಗುತ್ತದೆ, ನಮ್ಮ ಮಟ್ಟಿಗೆ ಅದು ಆಗಬಾರದು, ಇದನ್ನು ಎಲ್ಲರಿಗೂ ಕಲಿಸಿದವನು ನೀನೇ ಅಲ್ಲವೇ ಎಂದು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಅದು ನಿಜವಾಗಿತ್ತು. ಕಚೇರಿಯ ಗೋಡೆಯ ಮೇಲೆ ಅಂಟಿಸಿದ ನಿಯಮಗಳು ಅವನವೇ. ಕೊಂದರು ಎನ್ನಬಾರದು, ಸಾವು ಸಂಭವಿಸಿತು ಎನ್ನಬೇಕು. ಹೊಡೆದರು ಎನ್ನಬಾರದು, ಗಾಯಗಳಾದವು ಎನ್ನಬೇಕು. ತನ್ನಷ್ಟಕ್ಕೆ ತಾನೇ ಮಳೆ ಬಂದ ಹಾಗೆ ಎಲ್ಲವೂ ಆಗುತ್ತಿರಬೇಕು.

"ಬಿಸಿಲಿಗೆ ಯಾವ ಪಕ್ಷ ಹೇಳು? ಅದನ್ನ ತಿದ್ದಿದ್ರೆ ಯಾರಿಗೂ ನೋವಾಗಲ್ಲ," ಎಂದರು ದೊಡ್ಡವರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಮನೇಲೂ ಏನೋ ಆಗಿತ್ತಲ್ಲ ಆವಾಗ. ಅದಕ್ಕೇ ಆ ಸಾಲನ್ನ ನೀನೇ ಬರೆದ್ರೆ ಒಳ್ಳೇದು. ನಾಳೆ ಯಾರೂ ನಿನ್ನ ಕಡೆ ಬೆರಳು ಮಾಡಲ್ಲ."

ಇಲ್ಲ ಎನ್ನಲು ಬಾಯಿ ತೆರೆದ. ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸುವಾಗ ಚಪ್ ಎಂದು ಒಂದು ಸಣ್ಣ ಸದ್ದಾಯಿತು, ಎಂಜಲಿನ ಸದ್ದು, ದೊಡ್ಡವರಿಗೂ ಕೇಳಿಸಿರಬೇಕು. ಹೊರಬಂದ ಮಾತು, ಎಷ್ಟು ಜಾಗ ಇದೆ ಸರ್?

ಅಷ್ಟೇ ಜಾಗ ಎಂದರು. ಪುಟ ಕಟ್ಟಿ ಆಗಿತ್ತು. ಹಳೆಯ ಸಾಲು ಹಿಡಿದಷ್ಟೇ ಹೊಸದೂ ಹಿಡಿಯಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಜರುಗಿ ಗಲಿಬಿಲಿ. ಅವನು ತನ್ನ ಮೇಜಿಗೆ ಬಂದು ಕೂತ. ಮೊದಲು ಬರೆದದ್ದು ಉದ್ದವಾಯಿತು. ಎರಡನೆಯದು ಗಿಡ್ಡವಾಗಿ ಬಲಗಡೆ ಬಿಳಿ ಉಳಿಯಿತು. ಪದ ಬದಲಿಸಿದ, ಒಂದು ಅಕ್ಷರ ಕಳೆದ, ಒಂದು ಕೂಡಿಸಿದ. 'ಬೇಸಿಗೆ ಅತ್ಯುಗ್ರ. ಬಿಸಿಲಿನ ತಾಪಕ್ಕೆ ಆಗಾಗ ಪ್ರಾಣಹಾನಿ ಸಂಭವಿಸುವುದೂ ಉಂಟು.' ಅಂಚಿನಿಂದ ಅಂಚಿಗೆ, ಅಳೆದು ಹೊಲಿದ ಅಂಗಿಯ ಹಾಗೆ ಕೂತಿತು. ಅದು ಕೂತ ಆ ಗಳಿಗೆಯಲ್ಲಿ ಅವನ ಎದೆಯೊಳಗೆ ಏನೋ ಹಿತವಾಗಿ ಸಡಿಲಗೊಂಡಿತು, ಇಪ್ಪತ್ತು ವರ್ಷಗಳ ಅದೇ ಹಿತ, ಸಾಲು ಸರಿಯಾಗಿ ಕೂತಾಗ ಬರುವುದು. ತುಟಿಯ ಮೇಲೆ ನಗು ಸಹ ಬಂದಿತ್ತು. ಬಂದದ್ದು ಗೊತ್ತಾದಾಗ ಎದ್ದು ಹೋಗಿ ಕೈ ತೊಳೆಯೋಣವೆಂದುಕೊಂಡ. ಸೋಪಿನ ಮೇಲಿನ ಕೂದಲು ನೆನಪಾಗಿ ಕೂತಲ್ಲೇ ಕೂತ. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದ. ಜಿಗುಟು. ದೊಡ್ಡವರ ಎಂಜಲು ಒಣಗಿದ ಪುಟದ ಮೂಲೆಯನ್ನು ಹಿಡಿದೇ ಅವನು ಅಷ್ಟೂ ಹೊತ್ತು ಬರೆದಿದ್ದ.

ಮಧ್ಯಾಹ್ನ ಹವಾಮಾನದ ಮೇಡಂ ಬಂದರು. ನೆತ್ತಿಯ ಮೇಲೆ ಬೇಸಿಗೆಯ ಸೂರ್ಯನಿದ್ದರೂ ಕತ್ತಿನವರೆಗೆ ಗುಂಡಿ ಹಾಕಿದ ಕೋಟು ತೊಟ್ಟಿದ್ದರು. ಬೀದಿಯಲ್ಲಿ ಎಲ್ಲರೂ ಹಾಗೇ ತೊಟ್ಟಿದ್ದರು. ಫೋನಿನಲ್ಲಿ ಯಾರೋ ತಿಳಿಸಿದ್ದರಂತೆ. ಎದುರಿನ ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡು, ಹೊಸ ಸಾಲನ್ನು ಓದಿದರು. ಅವರು ಕೂಗಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಅವನಿಗೆ ಅನಿಸಿತು. ಇದು ಮೇಲಿನಿಂದ ಬಂದದ್ದು ಮೇಡಂ ಎಂದು ಶುರುಮಾಡಿದ. ಅವರು ಅವನ ಕೈಬರಹವನ್ನು ನೋಡಿದರು, ಅವನ ಬೆರಳಿಗೆ ಹತ್ತಿದ ಪೆನ್ಸಿಲ್ ಮಸಿಯನ್ನು ನೋಡಿದರು. ಆಯಿತು, ಲೇಖನದ ಕೆಳಗಿರುವ ನನ್ನ ಹೆಸರು ತೆಗೆದುಬಿಡಿ, ಅಷ್ಟು ಮಾಡಿದರೆ ಸಾಕು ಎಂದರು. ಆ ಹೆಸರು ತೆಗೆದರೆ ಪುಟದ ಕೊನೆಯಲ್ಲಿ ಜಾಗ ಉಳಿಯುತ್ತದೆ, ಪುಟ ಕಟ್ಟಿ ಆಗಿದೆ ಎಂದು ಅವನು ವಿವರಿಸತೊಡಗಿದ. ತನ್ನ ದನಿ ತನಗೇ ಕೇಳಿಸುತ್ತಿತ್ತು, ವಿನಯ ತುಂಬಿ ತುಳುಕುವ ದನಿ, ಎಣ್ಣೆ ಹಚ್ಚಿದಂಥದ್ದು. ನಡುವೆ ಟೀ ತರಿಸಲೇ ಎಂದೂ ಕೇಳಿದ. ಬೇಡವೆನ್ನುವುದರೊಳಗೆ ತರಿಸಿಯೂ ಬಿಟ್ಟ.

ಮೇಡಂ ಎದ್ದರು. "ದಿನಾ ಬೆಳಿಗ್ಗೆ ಎದ್ದು ಅಳೀತಿದ್ದೆ," ಎಂದರು. "ನನ್ನ ಸಾಲನ್ನ ಯಾರೂ ಓದಲ್ಲ ಅಂತ ಬೇಜಾರಿತ್ತು. ನೀವೊಬ್ಬರು ಓದಿದ್ರಿ ನೋಡಿ."

ಅವರು ಹೋದ ಮೇಲೆ ಟೀ ಆರುತ್ತ ಕೂತಿತ್ತು, ಮೇಲೆ ಕೆನೆ ಕಟ್ಟಿ ಸುಕ್ಕು ಬಿದ್ದಿತ್ತು. ಚೆಲ್ಲುವುದು ಎಲ್ಲಿ? ಕೆನೆಯ ಸಮೇತ ಗಟಗಟ ಕುಡಿದ. ಅದು ಗಂಟಲಿಗಂಟಿ, ಕೆಮ್ಮಿದರೂ ಹೋಗದೆ ಸಂಜೆಯವರೆಗೆ ಅಲ್ಲೇ ಇತ್ತು. ಓದದೇ ಇದ್ದಿದ್ದರೆ! ಆ ಸಾಲಿನ ಮೇಲೆ ಕಣ್ಣು ಹಾಯಿಸಿ ದಾಟಿಕೊಂಡು ಹೋಗಿದ್ದರೆ, ಸೋಮಾರಿಯಾಗಿ, ಬಿಸ್ಕತ್ತು ತಿನ್ನುತ್ತ, ಉಳಿದವರ ಹಾಗೆ. ಸುಳ್ಳಿನ ಪಕ್ಕದಲ್ಲಿ ಸತ್ಯವೂ ಯಾರ ಕಣ್ಣಿಗೂ ಬೀಳದೆ ಅಚ್ಚಾಗಿ, ವಕೀಲರ ಕೈ ಸೇರುತ್ತಿತ್ತು. ಅದರ ಅಡಗುತಾಣವನ್ನು ಬೆರಳಿಟ್ಟು ತೋರಿಸಿದವನು ತಾನು. ಭಾವನನ್ನು ಗೋದಾಮಿನಲ್ಲಿ ಯಾರೋ ಕೊಂದರು, ಯಾರೆಂದು ಗೊತ್ತಿಲ್ಲ. ಪುಸ್ತಕದಲ್ಲಿ ಕೊಂದವನು ಯಾರೆಂದು ಗೊತ್ತಿದೆ. ಹಾಗೆಂದುಕೊಂಡಾಗಲೂ ಒಳಗಿನ ತಕ್ಕಡಿ ಸುಮ್ಮನಿರಲಿಲ್ಲ. ಈ ಕಡೆ ನೋಡಿದರೆ ಉದ್ದೇಶ ಒಳ್ಳೆಯದಿತ್ತು, ಆ ಕಡೆ ನೋಡಿದರೆ ಪರಿಣಾಮ ಕೆಟ್ಟದಾಯಿತು. ಥೂ, ಎಂದ ಬಾಯಿಬಿಟ್ಟು. ಪಕ್ಕದ ಮೇಜಿನವನು ತಲೆಯೆತ್ತಿ ನೋಡಿ ಏನಾಯಿತೆಂದು ಕೇಳಿದ. ಏನಿಲ್ಲ, ಟೀ ಸರಿಯಿಲ್ಲ ಎಂದ. ಆಮೇಲೆ ಕೊನೆಯ ಪುಟದಲ್ಲಿ, ಅಚ್ಚಿಗೆ ಯೋಗ್ಯ ಎಂದಿರುವಲ್ಲಿ, ಸಹಿ ಹಾಕಿದ. ದುಂಡಗಿನ, ಓದಲು ಸುಲಭವಾದ, ಶಾಲೆಯಲ್ಲಿ ಬಹುಮಾನ ಬಂದಿದ್ದ ಸಹಿ.

ಬಸ್ಸಿನಲ್ಲಿ ಕಿಟಕಿಗಳೆಲ್ಲ ಮುಚ್ಚಿದ್ದವು. ಜನ ಮೈಗೆ ಮೈ ಒತ್ತಿ ನಿಂತು ಒಬ್ಬರ ಉಸಿರನ್ನೊಬ್ಬರು ಎಳೆದುಕೊಳ್ಳುತ್ತಿದ್ದರು. ಶೀತ ಹಿಡಿದ ಹೆಂಗಸೊಬ್ಬಳು ಅವನ ಹೆಗಲ ಹತ್ತಿರವೇ ಮೂಗು ಒರೆಸಿಕೊಂಡು, ಏನು ಚಳಿಯಪ್ಪಾ ಈ ಬೇಸಿಗೆಯಲ್ಲಿ ಎಂದು ಯಾರಿಗೆಂದಲ್ಲದೆ ಹೇಳಿದಳು. ಯಾರೋ ಹೌದು ಎಂದರು. ಯಾರೋ ಪ್ರತಿವರ್ಷ ಹೀಗೇ ಅಲ್ಲವೇ ಎಂದರು. ಇಷ್ಟೂ ಜನಕ್ಕೆ ಗೊತ್ತು, ಮೈಯಿಂದಲೇ ಗೊತ್ತು. ನಾಳೆ ಪುಸ್ತಕ ತೆರೆದು ಅತ್ಯುಗ್ರ ಎಂದು ಓದಿದಾಗ ಇವರು ಏನನ್ನುತ್ತಾರೆ? ಪುಸ್ತಕ ಸುಳ್ಳು ಎನ್ನುವುದಿಲ್ಲ. ಈ ವರ್ಷ ಅದೇನೋ ಸ್ವಲ್ಪ ತಂಪು ಎನ್ನುತ್ತಾರೆ. ಅವನಿಗೆ ಅವರ ಮೇಲೆ ಅಸಹ್ಯವಾಯಿತು. ಆ ಅಸಹ್ಯ ಒಂದೆರಡು ನಿಲ್ದಾಣ ಕಳೆಯುವಷ್ಟರಲ್ಲಿ ತಿರುಗಿ ತನ್ನ ಮೈಮೇಲೇ ಬಂದು ಕೂತಿತು. ಈಜು ಕಲಿಸುವಾಗ ಭಾವ ಅವನಿಗೂ ಒಮ್ಮೆ ಹೇಳಿದ್ದರು, ನೀರಿನ ಮಧ್ಯದಲ್ಲಿ ಸುಮ್ಮನೆ ನಿಂತ್ಕೋತೀನಿ ಅಂದ್ರೆ ಆಗಲ್ಲಪ್ಪ, ಕೈ ಆಡಿಸ್ಬೇಕು, ಇಲ್ಲಾಂದ್ರೆ ಮುಳುಗ್ತೀಯ ಅಂತ. ಅವನು ಕೊಳದ ಅಂಚು ಬಿಟ್ಟು ಕದಲಿರಲಿಲ್ಲ. ಈಜು ಬರಲೂ ಇಲ್ಲ.

ಮನೆಯಲ್ಲಿ ಒಲೆಯ ಮುಂದೆ ಅಕ್ಕ ನಿಂತಿದ್ದಳು. ಹುಡುಗಿ ಕಾಲುಚೀಲ ಹಾಕಿಕೊಂಡು ನೆಲದ ಮೇಲೆ ಕೂತು ಲೆಕ್ಕ ಮಾಡುತ್ತಿದ್ದಳು. ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ ಅಕ್ಕ. ಬೆಳಗಿನಿಂದ ಆ ಒಂದು ಮಾತನ್ನು ಬಾಯಲ್ಲಿ ಇಟ್ಟುಕೊಂಡು ಕಾದಿದ್ದಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಏನಂದ್ರೋ? ನೀನು ಕೇಳಿದ್ದಕ್ಕೆ?"

ಹೇಳಿಬಿಡುವುದು ಎಂದು ದಾರಿಯಲ್ಲಿ ಗಟ್ಟಿ ಮಾಡಿಕೊಂಡು ಬಂದಿದ್ದ. ವಕೀಲರು ಬೇರೆ ದಾರಿ ಹುಡುಕಲು ಇನ್ನೂ ಸಮಯವಿತ್ತು. ಈಗ ಹೇಳಿದರೆ ಅಷ್ಟಾದರೂ ಉಳಿಯುತ್ತಿತ್ತು. ಬಾಯಿ ತೆರೆದ. ಗಂಟಲಲ್ಲಿ ಟೀಯ ಕೆನೆ. ಇಷ್ಟು ವರ್ಷ ಪಳಗಿಸಿದ ನಾಲಿಗೆ, ಅವನನ್ನು ಕೇಳದೆಯೇ ತನ್ನ ಕೆಲಸ ಮಾಡಿತು.

"ಈಗ ಎರಡೂ ತಾಳೆಯಾಗ್ತವೆ ಅಕ್ಕ," ಎಂದ.

ಒಂದಕ್ಷರವೂ ಸುಳ್ಳಲ್ಲ. ಅಕ್ಕ ಸೌಟನ್ನು ಕೆಳಗಿಟ್ಟಳು. ಸೆರಗಿನಿಂದ ಮುಖ ಒತ್ತಿಕೊಂಡಳು, ಬೆನ್ನು ಅಲುಗುತ್ತಿತ್ತು. ಅಳುವೋ ನಗುವೋ ಗೊತ್ತಾಗಲಿಲ್ಲ. ಆಮೇಲೆ ಒಳಕೋಣೆಗೆ ಹೋಗಿ ಪೆಟ್ಟಿಗೆ ತೆರೆದ ಸದ್ದು ಕೇಳಿಸಿತು. ಬಂದಾಗ ಅವಳ ಕೈಯಲ್ಲಿ ನೀಲಿ ಸ್ವೆಟರು. ಕೋರ್ಟಿಗೆ ಬೇಕಾಗಬಹುದೆಂದು, ಒಗೆದರೆ ಏನು ಅಳಿಸಿಹೋದೀತೋ ಎಂದು, ಅವಳು ಅದನ್ನು ಇಷ್ಟು ದಿನ ಚೀಲದಿಂದ ಹೊರಗೇ ತೆಗೆದಿರಲಿಲ್ಲ. ಮಗಳು ಕೇಳಿದರೂ ಮುಟ್ಟಲು ಕೊಟ್ಟಿರಲಿಲ್ಲ.

"ಪುಸ್ತಕಾನೇ ಹೇಳತ್ತಲ್ಲ ಇನ್ನು. ಇದು ಬರೀ ಬಟ್ಟೆ ಕಣೋ," ಎಂದಳು. "ಹಾಕ್ಕೋ. ನಿನ್ನ ಕೈ ನೋಡು, ಹೇಗೆ ತಣ್ಣಗಾಗಿದೆ."

ಬೇಡ ಅಕ್ಕ ಎಂದು ಹಿಂದೆ ಸರಿದ. ಅಕ್ಕ ಕೇಳಲಿಲ್ಲ, ಚಿಕ್ಕಂದಿನಲ್ಲಿ ಶಾಲೆಗೆ ಕಳಿಸುವಾಗ ಮಾಡುತ್ತಿದ್ದಂತೆ ಕೊರಳಿಗೆ ತೂರಿಸಿ, ತೋಳು ಎಳೆದು, ಬೆನ್ನ ಹಿಂದೆ ಸರಿಪಡಿಸಿದಳು. ಒಂದು ತೋಳು ಹರಿದಿತ್ತು. ಉಣ್ಣೆಯೊಳಗೆ ಕ್ಲೋರಿನ್ ವಾಸನೆ ಇನ್ನೂ ಇತ್ತು, ಅದರಡಿಯಲ್ಲಿ ಬೇರೊಂದು ವಾಸನೆ, ತುಕ್ಕಿನಂಥದ್ದು. ಬೆನ್ನಿನ ಕಡೆ ಏನೋ ಒಣಗಿ ಗಟ್ಟಿಯಾಗಿ, ಅವನು ಉಸಿರಾಡಿದಾಗಲೆಲ್ಲ ಅಂಗಿಯ ಮೂಲಕ ಚುಚ್ಚುತ್ತಿತ್ತು. ಅವತ್ತು ನೋಡದೆ ಬಿಟ್ಟ ಬೆನ್ನು ಈಗ ಅವನ ಬೆನ್ನಿಗೆ ಹತ್ತಿಕೊಂಡಿತ್ತು.

ಊಟಕ್ಕೆ ಕೂತರು. ಅಕ್ಕ ಎಂದಿಗಿಂತ ಹೆಚ್ಚು ಮಾತಾಡಿದಳು. ವಿಚಾರಣೆಯ ದಿನ ಹುಡುಗಿಯನ್ನೂ ಕರೆದುಕೊಂಡು ಹೋಗುತ್ತೇನೆ, ಅವಳ ಅಪ್ಪನ ಬಗ್ಗೆ ದೊಡ್ಡ ದನಿಯಲ್ಲಿ ಓದುವುದನ್ನು ಅವಳು ಕೇಳಲಿ ಎಂದಳು. ಆ ಪುಸ್ತಕ ಒಂದು ನಮಗೂ ತಂದುಕೊಡು, ಎಷ್ಟಾದರೂ ಆಗಲಿ ಎಂದಳು. ಅವನು ಹೂಂಗುಟ್ಟುತ್ತಿದ್ದ. ಹೊರಗೆ ಮಂಜು ಇಳಿದು ಕಿಟಕಿಯ ಗಾಜು ಬೆಳ್ಳಗಾಗಿತ್ತು. ಕಲಸಿದ್ದನ್ನು ಮತ್ತೆ ಮತ್ತೆ ಕಲಸಿದ, ತಟ್ಟೆಯಲ್ಲಿದ್ದದ್ದು ಯಾರೋ ಉಗಿದ ಹಾಗೆ ಕಂಡಿತು. ಹಣೆಯಿಂದ ಒಂದು ಹನಿ ಜಾರಿ ಮೂಗಿನ ತುದಿಗೆ ಬಂದು, ಅನ್ನದ ಮೇಲೆ ಬಿತ್ತು. ಇನ್ನೊಂದು ಕಿವಿಯ ಹಿಂದಿನಿಂದ ಕತ್ತಿಗಿಳಿಯಿತು.

ಹುಡುಗಿ ಅವನನ್ನೇ ನೋಡುತ್ತಿದ್ದಳು. "ಮಾಮ, ಯಾಕೆ ಹೀಗೆ ಬೆವರ್ತಿದೀರಾ?"

"ಸೆಕೆ," ಎಂದ.

ಅಕ್ಕನ ಕೈ ಪಾತ್ರೆಯ ಮೇಲೆ ನಿಂತಿತು. ಅವಳು ಕಿಟಕಿಯ ಗಾಜನ್ನು ನೋಡಿದಳು. ಮಗಳ ಕಾಲುಚೀಲವನ್ನು ನೋಡಿದಳು. ಆಮೇಲೆ ಅವನ ಮುಖವನ್ನು ನೋಡಿದಳು, ಬಹಳ ಹೊತ್ತು, ಸಣ್ಣ ಅಕ್ಷರದ ಪುಟವನ್ನು ಓದುವ ಹಾಗೆ. ಕೈ ತೊಳೆದುಕೊಂಡು, ಒರೆಸಿಕೊಂಡು, ಕೋರ್ಟಿಗೆಂದು ಇಟ್ಟಿದ್ದ ಆ ಚೀಲವನ್ನು ಒಳಕೋಣೆಯಿಂದ ತಂದಿಟ್ಟು, ಅವನ ಹಿಂದೆ ಬಂದು ನಿಂತು, ಸ್ವೆಟರಿನ ಕೆಳಗಿನ ಅಂಚನ್ನು ಎರಡೂ ಕಡೆ ಹಿಡಿದಳು. ಬಿಚ್ಚಲು ಸುಲಭವಾಗಲೆಂದು ಅವನು ಎರಡೂ ಕೈಗಳನ್ನು ಮೇಲಕ್ಕೆತ್ತಿದ.